ಎಳೆಯ ಎಲೆಗೆ ಕೆಂಪು ದಾರ

ಬೆಳೆಯುವ ಎಲೆಯೊಳಗೆ ಗಂಧಕವನ್ನು ಅರಗಿಸುವ ಕಿಣ್ವಗಳು ಯಾವಾಗ ಚುರುಕಾಗುತ್ತವೆ, ಯಾವಾಗ ಮಂದವಾಗುತ್ತವೆ ಎಂಬುದನ್ನೇ ವೃತ್ತಿಜೀವನದುದ್ದಕ್ಕೂ ಅರಸಿದ ಸಸ್ಯವಿಜ್ಞಾನಿಗಳಲ್ಲಿ ಡಾ. ನಾಹಿದಾ ಬೇಗಂ ಅವರದು ಎದ್ದು ಕಾಣುವ ಹೆಸರು. ಮಸ್ಕಿಯಲ್ಲಿ ಹುಟ್ಟಿ, ಲಿಂಗಸುಗೂರಿನಲ್ಲಿ ಉಪನ್ಯಾಸಕಿಯಾಗಿ, ಈಗ ಸಿಂಧನೂರಿನ ಕಾಲೇಜಿನಿಂದ ನಿವೃತ್ತರಾಗುತ್ತಿರುವ ಅವರು, ಕಾಲುವೆಯ ಭತ್ತ ಕಣ್ಣೆದುರೇ ಇದ್ದರೂ ಆಟೋ ಹತ್ತಿ ಸಂತೆಕಲ್ಲೂರಿನ ಜೋಳದ ಹೊಲಕ್ಕೇ ಹೋಗುತ್ತಿದ್ದರು. ಆ ಹೊಲದ ಮಣ್ಣಿನಲ್ಲಿ ಗಂಧಕ ಕಡಿಮೆ ಎಂಬುದು ಅವರು ಕೊಡುತ್ತಿದ್ದ ಕಾರಣ. ಹೊಲದೊಡತಿ ಕಸ್ತೂರೆಮ್ಮನ ರೊಟ್ಟಿಯ ಮಾತನ್ನು ಅವರು ಎತ್ತುತ್ತಿರಲಿಲ್ಲ.

ಅವರ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ಅಶ್ವಿನಿ. ಗುರುಗಳ ನಿವೃತ್ತಿಯೊಳಗೆ ಪ್ರಬಂಧ ಮುಗಿಯದಿದ್ದರೆ ಆಕೆ ಬೇರೆ ಮಾರ್ಗದರ್ಶಕರ ಕೈಕಾಲು ಹಿಡಿಯಬೇಕಿತ್ತು. ಎಲೆಯ ವಯಸ್ಸು ತಿಳಿಯಲೆಂದು ಇಬ್ಬರೂ ದಾರ ಕಟ್ಟಿದ್ದರು: ಹೊಸದಾಗಿ ಬಿಚ್ಚಿದ ಎಲೆಗೆ ಕೆಂಪು, ಬಲಿತದ್ದಕ್ಕೆ ಹಸಿರು. ಆಳುಗಳು ದಾರ ನೋಡಿ ಕಿತ್ತು, ಕತ್ತರಿಸಿ, ಮಂಜುಗಡ್ಡೆಯ ಡಬ್ಬಿಗೆ ಹಾಕಿದರು. ಪ್ರಯೋಗಾಲಯದಲ್ಲಿ ನೋಡಿದರೆ ಕೆಂಪು ದಾರದ ಎಲೆಗಳಲ್ಲೇ ಕಿಣ್ವಗಳು ತೂಕಡಿಸುತ್ತಿದ್ದವು. ಎಳೆಯ ಎಲೆಯಲ್ಲೇ ಕಿಣ್ವ ಚುರುಕು ಎಂಬ ಗುರುಗಳ ಜೀವಮಾನದ ನಿರ್ಣಯವೇ ತಲೆಕೆಳಗಾಯಿತೆಂದು ಅಶ್ವಿನಿ ಅವರ ಬಳಿಗೆ ಓಡಿದಳು.

ನಾಹಿದಾ ಮೇಡಂ ಆಕೆಯನ್ನು ಕರೆದುಕೊಂಡು ಹೊಲಕ್ಕೆ ಹೋದರು. ಅಲ್ಲಿ ಒಣಗತೊಡಗಿದ ಮುದಿ ಎಲೆಗಳಿಗೂ ಕೆಂಪು ದಾರವಿತ್ತು!

"ನೀವು ಕಟ್ಟೋದು ನೋಡಿ ಹರಕಿ ಅಂದ್ಕೊಂಡ್ನಿರೀ," ಎಂದಳು ಕಸ್ತೂರೆಮ್ಮ. "ಗುಡಸಲದಾಗ ದಾರದ ಉಂಡಿ ಇತ್ತು. ಈ ಹುಡುಗಿ ಪಾಸಾಗ್ಲಿ ಅಂತ ನಾವೂ ನಾಕು ಮಂದಿ ಕಟ್ಟೀವ್ರೀ."

ಬೈಯಲೆಂದು ಬಾಯಿ ತೆರೆದಿದ್ದ ಅಶ್ವಿನಿ ಬದುವಿನ ಮೇಲೆ ಕೂತು ಅತ್ತಳು. ಮೇಡಂ ಒಂದು ದಾರವನ್ನೂ ಬಿಚ್ಚಗೊಡಲಿಲ್ಲ. ದಾರ ಯಾಕೆಂದು ಹೊಲದವರಿಗೆ ಹೇಳದಿದ್ದದ್ದು ತಮ್ಮ ತಪ್ಪೆಂದು ಸಂಶೋಧನಾ ಸಮಿತಿಯ ಮುಂದೆ ಒಪ್ಪಿಕೊಂಡು, ಇನ್ನೊಂದು ಹಂಗಾಮಿನ ಅವಕಾಶ ಕೇಳಿ ಪಡೆದರು. ಮರುಬಿತ್ತನೆಯ ಮೇಲೆ ಹೆಂಗಸರನ್ನು ಕೂಡಿಸಿಕೊಂಡು ಎಲೆಯ ವಯಸ್ಸಿನ ಕತೆ ಹೇಳಿದರು. ಆ ಸಲ ದಾರಗಳನ್ನೆಲ್ಲ ಕಟ್ಟಿದವಳು ಕಸ್ತೂರೆಮ್ಮ. ಎಳೆಯ ಎಲೆಯಲ್ಲಿ ಕಿಣ್ವ ಮೊದಲಿನಂತೆಯೇ ಚುರುಕಾಗಿತ್ತು, ಅಶ್ವಿನಿಗೆ ಡಾಕ್ಟರೇಟ್ ಬಂತು.

ನಾಹಿದಾ ಅವರು ಬಹುಕಾಲ ಬಾಳಲಿ, ಅವರ ಕೆಲಸ ನಿಲ್ಲದಿರಲಿ ಎಂಬ ಹಾರೈಕೆಯನ್ನು ಈ ಅಭಿನಂದನ ಗ್ರಂಥಕ್ಕಿಂತ ಮುಂಚೆಯೇ, ಕಳೆದ ವಾರ, ಕಸ್ತೂರೆಮ್ಮ ಸಲ್ಲಿಸಿಬಿಟ್ಟಿದ್ದಾಳೆ. ಹೊಲಕ್ಕೆ ವಿದಾಯ ಹೇಳಲು ಬಂದ ಮೇಡಂ ಅವರ ಮುಂಗೈಗೆ ಆಕೆ ಕೆಂಪು ದಾರ ಸುತ್ತಿದಳು.

"ನಂದು ಬಲಿತ ಎಲಿ, ಕಸ್ತೂರೆಮ್ಮ. ಹಸಿರು ಕಟ್ಟು," ಎಂದು ಮೇಡಂ ನಕ್ಕರು.

ಕಸ್ತೂರೆಮ್ಮ ಗಂಟು ಬಿಗಿದಳು. "ಈ ಸಲ ತಿಳಕೊಂಡೇ ಕಟ್ಟೀನ್ರೀ."