ಅಬ್ಬಾನ ಬೆನ್ನು, ಕಾಕಾನ ಬಳ್ಳಿ

ನಮ್ಮ ಅಬ್ಬಾ ಹರೆಯದಲ್ಲಿ ಇಳಕಲ್ಲಿನ ಗರಡಿಯಲ್ಲಿ ಹೆಸರು ಮಾಡಿದ್ದ ಪೈಲ್ವಾನ. ಆಮೇಲೆ ಗ್ರಾನೈಟ್ ಗಣಿಯಲ್ಲಿ ಮೇಸ್ತ್ರಿಯಾಗಿ ದುಡಿದರು. ಅಂಥವರನ್ನು ಕೊನೆಗೂ ಚಿತ್ ಮಾಡಿದ್ದು ಒಂದು ಕಿಟಕಿ. ಮಳೆಗೆ ಕಟ್ಟಿಗೆ ಉಬ್ಬಿ ಕಿಟಕಿ ಗಟ್ಟಿಯಾಗಿ ಕುಳಿತುಬಿಟ್ಟಿತ್ತು. ಜಗ್ಗಿದರು. ಬೆನ್ನಲ್ಲಿ ಏನೋ ಚಟ್ ಎಂದಿತು, ಅಲ್ಲೇ ಕುಸಿದು ಕುಳಿತರು.

ನಾನು ಬಾಗಲಕೋಟೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಮ್ಮಿಯ ಫೋನ್ ಬಂದ ಕೂಡಲೇ ಹೋಗಿ, ಅಬ್ಬಾನನ್ನು ಬಾಗಲಕೋಟೆಗೆ ಕರೆತಂದು ತೋರಿಸಿದೆ. ಬೆನ್ನುಮೂಳೆಯ ಒಂದು ಮಣಿ ಚಪ್ಪಟೆಯಾಗಿತ್ತು. ಎಲುಬಿನ ಸ್ಕ್ಯಾನ್ ನೋಡಿದ ಡಾಕ್ಟರು, ದಮ್ಮಿಗೆಂದು ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಗುಳಿಗೆಗಳೇ ಎಲುಬನ್ನು ಸವೆಸಿವೆ ಎಂದು ಹೇಳಿ, ಎಲುಬಿಗೆಂದು ವಾರಕ್ಕೊಂದು ಗುಳಿಗೆ ಬರೆದುಕೊಟ್ಟರು.

"ಇದು ಹೆಣ್ಣುಮಕ್ಕಳ ಬ್ಯಾನಿ ಅಲ್ಲೇನ್ರಿ?" ಅಬ್ಬಾ ತಗ್ಗಿದ ದನಿಯಲ್ಲಿ ಕೇಳಿದರು.

"ಗಂಡಸರಿಗೂ ಬರ್ತದ್ರಿ. ಅವರು ತೋರಿಸ್ಕೊಳ್ಳಾಕ ಬರೋದ ಕಡಿಮಿ."

ಊರಿಗೆ ಮರಳುವಾಗ ಕಾರಿನಲ್ಲಿ ಅಬ್ಬಾ ಬೆನ್ನಿಗೆ ದಿಂಬು ಒತ್ತಿಕೊಂಡು ಕುಳಿತಿದ್ದರು. ಹುನಗುಂದ ದಾಟಿದ ಮೇಲೆ, "ಗರಡಿ ಮಂದಿಗೆ ಹೇಳಬ್ಯಾಡ. ಮಾಳಿಗಿ ಮ್ಯಾಲಿಂದ ಬಿದ್ದೆ ಅಂತ ಹೇಳು" ಎಂದರು. ಕಿಟಕಿಗೆ ಸೋತೆ ಎನ್ನುವುದಕ್ಕಿಂತ ಅದು ಅವರಿಗೆ ಮರ್ಯಾದೆಯ ಮಾತಾಗಿ ಕಂಡಿತ್ತು.

ಮೊದಲು ನೋಡಲು ಬಂದವರು ಕಾಕಾ. ಗರಡಿಯಲ್ಲಿ ಅಬ್ಬಾನ ಜೋಡಿ, ಹುನಗುಂದದ ಹತ್ತಿರದ ಹಳ್ಳಿಯಲ್ಲಿ ಒಕ್ಕಲುತನ. ನಾನು ಸಣ್ಣವಳಿದ್ದಾಗ ಹೆಗಲ ಮೇಲೆ ಕೂಡಿಸಿಕೊಂಡು ಪ್ಯಾಟಿ ತೋರಿಸಿದವರು. ಮನೆಯಲ್ಲಿ ನಾವು ಉರ್ದು ಆಡುತ್ತಿದ್ದರೂ ಕಾಕಾ ಹೊಸ್ತಿಲು ದಾಟಿದರೆ ಎಲ್ಲರ ಮಾತೂ ಕನ್ನಡಕ್ಕೆ ಹೊರಳುತ್ತದೆ.

"ಮಾಳಿಗಿಯಿಂದ ಬಿದ್ಯಂತಲ್ಲಲೇ? ಮಾಳಿಗಿಗೇನೂ ಆಗಿಲ್ಲಲ್ಲ?"

ಅಬ್ಬಾಗೆ ನಗು ಬಂತು, ನಕ್ಕ ಕೂಡಲೇ ಬೆನ್ನು ಹಿಡಿಯಿತು. ಅಮ್ಮಿ ಒಳಗಿನಿಂದಲೇ ಕಿಟಕಿಯ ಕಥೆ ಪೂರಾ ಹೇಳಿಬಿಟ್ಟರು.

ಕಾಕಾ ಚೀಲದಲ್ಲಿ ಮಂಗರಬಳ್ಳಿ ತಂದಿದ್ದರು. ನಾಲ್ಕು ಮೂಲೆಯ ಹಸಿರು ದಂಟು, ಗೇಣಿಗೊಂದು ಗಂಟು. ಅಬ್ಬಾ ಅದನ್ನು ಹಡಜೋಡ್ ಅನ್ನುತ್ತಾರೆ, ಎಲುಬು ಕೂಡಿಸುವುದು ಎಂದರ್ಥ. ಗರಡಿಯಲ್ಲಿ ಯಾರ ಕೈ ಮುರಿದರೂ ಇದೇ ಔಷಧವಾಗಿತ್ತಂತೆ. ಹಸಿಯಾಗಿ ಬಾಯಿಗಿಟ್ಟರೆ ಗಂಟಲು ಕೆರೆಯುತ್ತದೆ. ಕಾಕಾ ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿಕೊಟ್ಟರು, ಅಮ್ಮಿ ಹಸಿಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ಹುರಿದು ಚಟ್ನಿ ಅರೆದರು. ಗೆಳೆಯರಿಬ್ಬರೂ ಜೋಳದ ರೊಟ್ಟಿಯ ಜೊತೆ ಉಂಡರು. ಕೈ ತೊಳೆದ ಮೇಲೆ ಅಬ್ಬಾ ಸಾರಿದರು: "ಇನ್ನ ಡಾಕ್ಟರ್ ಗುಳಿಗಿ ನನಗ ಬ್ಯಾಡ."

ಗುಳಿಗೆ ಬಿಡಬೇಡಿ ಎಂದು ನಾನು ಹೇಳಿದರೆ ಕೇಳಬೇಕಲ್ಲ! ಯಾಕೆಂದರೆ ನಮ್ಮ ಪ್ರಯೋಗಾಲಯದಲ್ಲಿ ನಡೆದಿದ್ದ ಕೆಲಸವೂ ಅದೇ ಬಳ್ಳಿಯ ಮೇಲೆ. ಬಾದಾಮಿಯ ಗುಡ್ಡದ ಬದಿಯ ಬೇಲಿಗಳಿಂದ ತಂದು, ಒಣಗಿಸಿ, ಅದರೊಳಗಿನ ಸಂಯುಕ್ತಗಳನ್ನು ಬೇರ್ಪಡಿಸಿ, ಎಲುಬಿನ ಜೀವಕೋಶಗಳಿಗೆ ಕೊಟ್ಟು ನೋಡುತ್ತಿದ್ದೆವು.

"ಸುಳ್ಳಾಗಿದ್ರ ನೀ ಯಾಕ ಅದರ ಬೆನ್ನು ಹತ್ತತಿದ್ದಿ?" ಎಂದರು ಅಬ್ಬಾ.

ಹತ್ತಿರ ಕುಳಿತು ಹೇಳಿದೆ. "ಎಲುಬು ಅಂದ್ರ ಕಲ್ಲಲ್ಲ ಅಬ್ಬಾ. ಅದರಾಗ ದಿನಾ ಕೆಡವೋರೂ ಇರ್ತಾರ, ಕಟ್ಟೋರೂ ಇರ್ತಾರ. ನಿಮ್ಮ ಎಲುಬಿನಾಗ ಕಟ್ಟೋರು ಕಡಿಮಿ ಆಗ್ಯಾರ."

ಮೇಸ್ತ್ರಿಗೆ ಅದು ತಟ್ಟನೆ ತಿಳಿಯಿತು. "ಅಂದ್ರ ಗೌಂಡಿಗಳು ಕೆಲಸಕ್ಕ ಬರವಲ್ರು. ನಿನ್ನ ಬಳ್ಳಿ ಕರದ್ರ ಬರ್ತಾರೇನು?"

"ಗಾಜಿನ ತಟ್ಟಿಯೊಳಗ ಬರ್ತಾರ. ಇಲಿಗಳಾಗೂ ಬಂದಂಗ ಕಾಣ್ತದ. ಮನಿಷ್ಯಾನಾಗ ಎಷ್ಟು ಕೊಟ್ರ ಎಷ್ಟು ಬರ್ತಾರ, ಇನ್ನೂ ಸರಿಯಾಗಿ ಗೊತ್ತಿಲ್ಲ."

"ಇಲಿ ಅಂದ್ರ ಕಡಿಮಿ ಏನು?" ಕಾಕಾ ನಡುವೆ ಬಾಯಿ ಹಾಕಿದರು. "ನಮ್ಮ ಜ್ವಾಳದ ಚೀಲ ಪೂರಾ ಖಾಲಿ ಮಾಡ್ತಾವ."

ನಗುನಗುತ್ತಲೇ ಒಂದು ರಾಜಿಗೆ ಬಂದೆವು. ಡಾಕ್ಟರನ್ನು ಕೇಳಿ, ಚಟ್ನಿಯನ್ನು ಊಟದ ಲೆಕ್ಕದಲ್ಲಿ ಆಗೀಗ ತಿನ್ನುವುದು. ಗುಳಿಗೆಯನ್ನು ಮಾತ್ರ ತಪ್ಪಿಸದಿರುವುದು.

ಮತ್ತೆ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಒಂದು ವರ್ಷದ ಮೇಲಾಗಿತ್ತು. ಆ ದಿನ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿಕೊಂಡು ಕಾರಿನಲ್ಲಿ ಮೊದಲೇ ಕುಳಿತಿದ್ದರು. "ನಂದೂ ನೋಡಸವ್ವಾ. ಹುಡುಗಾಗಿದ್ದಾಗಿಂದ ಬಳ್ಳಿ ತಿಂದ ಎಲುಬು ಹೆಂಗಿರ್ತದ ಅಂತ ನಿಮ್ಮ ಕಾಲೇಜಿನವರಿಗೂ ಗೊತ್ತಾಗ್ಲಿ."

ಅಬ್ಬಾನ ಎಲುಬು ಇನ್ನಷ್ಟು ಸವೆದಿರಲಿಲ್ಲ, ತುಸು ಸುಧಾರಿಸಿತ್ತು ಕೂಡ. ಗುಳಿಗೆಯಿಂದಲೋ ಚಟ್ನಿಯಿಂದಲೋ ಎಂದು ಅವರು ಕೇಳುವ ಮೊದಲೇ ಕಾಕಾನ ರಿಪೋರ್ಟ್ ಬಂತು. ಅದು ಅಬ್ಬಾನ ಮೊದಲಿನದಕ್ಕಿಂತಲೂ ಕೆಟ್ಟದಾಗಿತ್ತು. ಡಾಕ್ಟರು ವಯಸ್ಸಿನ ಮಾತು, ತಂಬಾಕಿನ ಮಾತು ಹೇಳುತ್ತಿದ್ದರು. ನನಗೆ ಕಾಕಾನ ಮುಖ ನೋಡುವ ಧೈರ್ಯವಾಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕುಳಿತು ಕಾಕಾ ಕೇಳಿದರು, "ಹಂಗಾರ ಬಳ್ಳಿ ಸುಳ್ಳೇನ ಮಗಳ?"

"ಸುಳ್ಳಂತ ಹೇಳಾಕ ಬರಂಗಿಲ್ಲ ಕಾಕಾ. ತಿನ್ನದಿದ್ರ ಇನ್ನೂ ಸವೀತಿತ್ತೋ ಏನೋ. ಒಬ್ಬರ ಮೈ ನೋಡಿ ಹೌದು ಅನ್ನಾಕೂ ಆಗಂಗಿಲ್ಲ, ಅಲ್ಲ ಅನ್ನಾಕೂ ಆಗಂಗಿಲ್ಲ. ಅದೊಂದನ್ನ ನಂಬಿ ಕುಂದ್ರೂದು ಬ್ಯಾಡ, ಅಷ್ಟ."

ಅಬ್ಬಾ ಮೆಲ್ಲಗೆ ಪಕ್ಕಕ್ಕೆ ಸರಿದು, ಗೆಳೆಯನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. "ಹೆದರಬ್ಯಾಡಲೇ. ನಾ ಅದೀನಿ. ಗುಳಿಗಿ ಕೂಡೇ ನುಂಗೂಣು."

ಇಳಕಲ್ಲಿಗೆ ಮರಳಿದ ಮೇಲೆ ಕಾಕಾ ತಂಬಾಕಿನ ಪೊಟ್ಟಣ ತೆಗೆದು ಅಮ್ಮಿಯ ಕೈಗಿಟ್ಟರು. ಮುಂದಿನ ತಿಂಗಳು ಅಬ್ಬಾ ತಾವಾಗಿಯೇ ಗರಡಿಗೆ ಹೋಗಿ, ಹಳೆಯ ಪೈಲ್ವಾನರ ನಡುವೆ ಕುಳಿತು ಎಲುಬಿನ ವಿಷಯ ಎತ್ತಿದರಂತೆ. ಅವರಲ್ಲಿ ಕೆಲವರನ್ನು ನಾನೇ ದವಾಖಾನೆಗೆ ಕರೆದೊಯ್ದಿದ್ದೇನೆ. ಬಳ್ಳಿಯ ಮೇಲಿನ ನಮ್ಮ ಕೆಲಸವೂ ನಡೆದಿದೆ, ನಿಧಾನವಾಗಿ.

ವಾರಕ್ಕೊಮ್ಮೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿದ ಮೇಲೆ ಅರ್ಧ ತಾಸು ಮಲಗುವಂತಿಲ್ಲ, ಚಹಾ ಕುಡಿಯುವಂತೆಯೂ ಇಲ್ಲ. ಅಷ್ಟು ಹೊತ್ತು ಇಬ್ಬರೂ ಫೋನ್ ಹಚ್ಚಿಕೊಂಡು ಕೂರುತ್ತಾರೆ, ಒಬ್ಬರು ಇಳಕಲ್ಲಿನಲ್ಲಿ, ಒಬ್ಬರು ಹಳ್ಳಿಯಲ್ಲಿ. ಹೋದ ಭಾನುವಾರ ನಾನೂ ಅಬ್ಬಾನ ಪಕ್ಕದಲ್ಲೇ ಇದ್ದೆ.

"ಟೈಮ್ ಆತಲೇ, ಚಾ ಕುಡಿ ಹೋಗು" ಎಂದರು ಅಬ್ಬಾ.

"ತಡಿಯೋ, ಮಾತು ಮುಗೀಲಿ" ಎಂದಿತು ಆ ಕಡೆಯ ದನಿ. ಅಮ್ಮಿ ಚಹಾದ ಕಪ್ಪನ್ನು ಮತ್ತೆ ಒಳಗೆ ಒಯ್ದರು.