ಡ್ರೈವರ್ ಇಲ್ಲದೆ ಹೊರಟ ಕಾರು

ಕಣದಲ್ಲಿ ಮೆಕ್ಕೆಜೋಳದ ತೆನೆ ರಾಶಿ ಬಿತ್ತೆಂದರೆ ಚಳಿ ಬಂತೆಂದೇ ಆಗ ನಮ್ಮ ಲೆಕ್ಕ. ಹಗಲೆಲ್ಲ ಸುಡುವ ಜಗಳೂರಿನ ಬಯಲು ಮಾಗಿಯ ಬೆಳಗ್ಗೆ ಹಲ್ಲು ಕಟಕಟಿಸುವಷ್ಟು ತಣ್ಣಗಿರುತ್ತಿತ್ತು. ನಾನೂ ತಂಗಿ ಚಿನ್ನಿಯೂ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಶೇಂಗಾ ಸುಟ್ಟು ತಿನ್ನುತ್ತಿದ್ದೆವು. ಒಲೆಯ ಹೊಗೆ, ಕರಕಲಾದ ಶೇಂಗಾ ಸಿಪ್ಪೆ, ಹೊರಗಿನಿಂದ ತೇಲಿ ಬರುವ ಡೀಸೆಲ್ಲು, ಇವು ಕಲೆತರೆ ನಮ್ಮ ಮನೆಯ ಚಳಿಗಾಲದ ವಾಸನೆ.

ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದರು. ಹಳೇ ಡೀಸೆಲ್ ಕಾರು. ಬೇಸಿಗೆಯಲ್ಲಿ ಕೀಲಿ ತಿರುವಿದ ಕೂಡಲೇ ಎದ್ದೇಳುತ್ತಿದ್ದ ಅದು ಚಳಿಗೆ ಮಾತ್ರ ಮೊಂಡು ಹಿಡಿಯುತ್ತಿತ್ತು. ಒಂದು ದಿನ ನರಳಿ ನರಳಿ ಸುಮ್ಮನಾದರೆ, ಇನ್ನೊಂದು ದಿನ ‘ಟಕ್’ ಎಂದಷ್ಟೇ ಸದ್ದು. ಅವ್ವ ಹಂಡೆಯ ಬಿಸಿನೀರಿನಲ್ಲಿ ಗೋಣಿಚೀಲ ಅದ್ದಿ ಕೊಟ್ಟರೆ ಅಪ್ಪ ಅದನ್ನು ಎಂಜಿನ್ ಮೇಲೆ ಹೊದಿಸುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಓಣಿಯವರು ಸೇರಿ ನೂಕಬೇಕು. ಹ್ಯಾಂಡ್ ಬ್ರೇಕು ಕಿತ್ತುಹೋಗಿ ಯಾವ ಕಾಲವಾಗಿತ್ತೋ. ಹಾಗಾಗಿ ಗಾಡಿ ಜಾರದಿರಲೆಂದು ಅಪ್ಪ ಅದನ್ನು ಗೇರಿಗೆ ಹಾಕಿಯೇ ನಿಲ್ಲಿಸುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದ ಆ ವರ್ಷ ಹೊನ್ನಾಳಿಯಿಂದ ಶಿವಣ್ಣ ಮಾವ ಬಂದಿದ್ದ. ಅವ್ವನ ತಮ್ಮ. ಊರಲ್ಲಿ ಟ್ರ್ಯಾಕ್ಟರ್ ಓಡಿಸಿ, ರಿಪೇರಿ ಮಾಡಿ ಅಭ್ಯಾಸವಿದ್ದವನು. ಅವನು ಬಂದನೆಂದರೆ ಮನೆಯಲ್ಲಿ ಬೇರೆಯವರ ಮಾತು ಕೇಳಿಸುತ್ತಿರಲಿಲ್ಲ. ನಾಲ್ಕು ವರ್ಷದ ಚಿನ್ನಿ ಅವನ ಹೆಗಲಿನಿಂದ ಇಳಿಯುತ್ತಲೇ ಇರಲಿಲ್ಲ.

ಅವತ್ತು ಅಪ್ಪ ಹೆಣ್ಣು ನೋಡಲು ಹೊರಟವರನ್ನು ನ್ಯಾಮತಿಗೆ ಕರೆದೊಯ್ಯಬೇಕಿತ್ತು. ಕೀಲಿ ತಿರುವಿದರು. ಟಕ್. ಮತ್ತೆ ತಿರುವಿದರು. ಟಕ್.

“ಬ್ಯಾಟರಿ ಕುಂತೈತೆ,” ಅಂದರು ಅಪ್ಪ.

“ಬ್ಯಾಟರಿ ಅಲ್ಲ ಭಾವ. ಲೈಟ್ ನೋಡ್ರಿ, ಎಷ್ಟು ಬೆಳ್ಳಗೆ ಉರಿತೈತೆ. ಕೀಲಿಯಿಂದ ಸೆಲ್ಫ್ ಮೋಟರಿಗೆ ಕರೆಂಟ್ ಹೋಗ್ತಿಲ್ಲ,” ಅಂದ ಮಾವ.

“ಯಾವ್ದಕ್ಕೂ ಟ್ರ್ಯಾಕ್ಟರ್ ಬ್ಯಾಟರಿ ತಂದು ನೋಡಾಣ. ನೀನು ಏನೂ ಮುಟ್ಟಬ್ಯಾಡ,” ಎಂದು ಅಪ್ಪ ಓಣಿಯ ಕೊನೆಯಲ್ಲಿದ್ದ ರುದ್ರಪ್ಪಜ್ಜನ ಕಣದ ಕಡೆ ಹೋದರು. ಆ ಕಣದಲ್ಲಿ ತೆನೆಯ ದೊಡ್ಡ ರಾಶಿಯಿತ್ತು. ರಾಶಿಯ ಬೆನ್ನಿಗೆ, ಕಟ್ಟೆಯಿಲ್ಲದ ಹಳೇ ಬಾವಿ.

ಮಾವನಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಹತ್ತಿದ ಎಂಜಿನ್ ಆರದಿರಲೆಂದು ಎಕ್ಸಿಲೇಟರ್ ಮೇಲೆ ಒಂದು ಇಟ್ಟಿಗೆ ಇಟ್ಟ. ಬಾನೆಟ್ ಎತ್ತಿ, ಉದ್ದನೆ ಸ್ಕ್ರೂಡ್ರೈವರ್ ಹಿಡಿದು ಪಕ್ಕದಿಂದ ಬಗ್ಗಿದ.

“ನೋಡ್ತಿರು ಪುಟ್ಟಿ, ನಿಮ್ಮಪ್ಪ ಬರಾದ್ರೊಳಗೆ ಗುರ್ ಅನ್ಸ್ತೀನಿ,” ಅಂದ ನನಗೆ.

ಕೀಲಿಯ ಹಂಗಿಲ್ಲದೆ ನೇರ ಕರೆಂಟ್ ಹರಿಯಲೆಂದು, ಎಂಜಿನ್ ತಿರುಗಿಸುವ ಸೆಲ್ಫ್ ಮೋಟರಿನ ಎರಡು ನಟ್ಟುಗಳಿಗೆ ಸ್ಕ್ರೂಡ್ರೈವರ್ ತಾಗಿಸಿದ. ಕಿಡಿ ಹಾರಿತು. ಕಾರು ಕುಕ್ಕಿತು, ಮತ್ತೆ ಕುಕ್ಕಿತು, ಆಮೇಲೆ ಎಂಜಿನ್ ಹತ್ತಿಕೊಂಡು ಅಬ್ಬರಿಸಿತು. ಗೇರು ನೋಡುವುದನ್ನು ಮಾವ ಮರೆತಿದ್ದ. ಗೇರಿನಲ್ಲಿದ್ದ ಗಾಡಿ ಅವನನ್ನು ಪಕ್ಕಕ್ಕೆ ಕೆಡವಿ, ಬಾನೆಟ್ ಬಾಯಿ ತೆರೆದುಕೊಂಡೇ ಓಣಿಯಲ್ಲಿ ಹೊರಟುಬಿಟ್ಟಿತು. ಒಳಗೆ ಡ್ರೈವರ್ ಇಲ್ಲ. ನನಗೆ ಮೊದಲು ನಗು ಬಂದಂತಾಯಿತು.

ಆಗ ಹಿಂದಿನ ಗಾಜಿನಲ್ಲಿ ಒಂದು ತಲೆ ಎದ್ದಿತು. ಚಿನ್ನಿ.

ಗಾಳಿ ತಾಕದ ಜಾಗವೆಂದು ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿಬಿಟ್ಟಿದ್ದಳು. ಯಾವಾಗ ಹೊಕ್ಕಳೋ ಯಾರೂ ನೋಡಿರಲಿಲ್ಲ. ಒದ್ದೆ ಗೋಣಿಚೀಲ ಹಿಡಿದು ಬಾಗಿಲಿಗೆ ಬಂದ ಅವ್ವ ಅದನ್ನು ಅಲ್ಲೇ ಬಿಸಾಡಿ ಕಾರಿನ ಹಿಂದೆ ಓಡಿದಳು. ನಾನೂ ಅವಳ ಹಿಂದೆಯೇ ಓಡಿದೆ.

ಎದುರಿನಿಂದ ಅಪ್ಪ ಹೆಗಲ ಮೇಲೆ ಬ್ಯಾಟರಿ ಹೊತ್ತು ಬರುತ್ತಿದ್ದರು. ತಮ್ಮದೇ ಕಾರು ತಮ್ಮ ಮೇಲೆ ಬರುತ್ತಿರುವುದನ್ನು ಕಂಡು ಗೋಡೆಗೆ ಒರಗಿ ದಾರಿ ಬಿಟ್ಟರು. ಅದು ಪಕ್ಕದಲ್ಲಿ ಹಾದುಹೋಗುವಾಗಲೇ ಅವರಿಗೆ ಒಳಗಿದ್ದ ಮುಖ ಕಂಡದ್ದು. ಬ್ಯಾಟರಿ ಬಿಸಾಡಿ ಓಡಿದರು. ಅಷ್ಟರಲ್ಲಿ ಕಾರು ತೆನೆ ರಾಶಿಗೆ ನುಗ್ಗಿತು. ಚಕ್ರಗಳು ಸುತ್ತುತ್ತಲೇ ಇದ್ದವು, ತೆನೆಗಳು ಕಲ್ಲೆಸೆದಂತೆ ಹಾರುತ್ತಿದ್ದವು, ರಾಶಿ ಮೆಲ್ಲಗೆ ಬಾವಿಯ ಕಡೆ ಸರಿಯುತ್ತಿತ್ತು. ಆ ಹಳೇ ಡೀಸೆಲ್ ಎಂಜಿನ್ನು ಕೀಲಿಯಿಂದ ನಿಲ್ಲುವಂಥದ್ದಲ್ಲ. ಅಪ್ಪ ಬಾಗಿಲು ಕಿತ್ತಂತೆ ತೆಗೆದು, ಇಟ್ಟಿಗೆ ಒದ್ದು, ಎಂಜಿನ್ ನಿಲ್ಲಿಸುವ ತಂತಿಯ ಗುಬುಟು ಎಳೆದರು. ಸದ್ದು ನಿಂತಿತು. ರಾಶಿಯ ಆಚೆ ಬದಿಯಿಂದ ತೆನೆಗಳು ಒಂದೊಂದಾಗಿ ಬಾವಿಗೆ ಬೀಳುವುದು ಕೇಳಿಸುತ್ತಿತ್ತು.

ಚಿನ್ನಿಗೆ ಒಂದು ಗೀರೂ ಆಗಿರಲಿಲ್ಲ. ಅಪ್ಪನ ಕೊರಳು ಹಿಡಿದುಕೊಂಡು, “ಅಪ್ಪಾ, ಮುಂದೆ ಯಾರೂ ಇರ್ಲಿಲ್ಲ,” ಅಂದಳು.

ಅಪ್ಪ ಅವಳನ್ನು ಎತ್ತಿಕೊಂಡೇ ಕಣದ ಮಣ್ಣಿನಲ್ಲಿ ಕುಸಿದು ಕೂತರು. ಮಾವ ಓಣಿಯ ಮಧ್ಯೆ ಬಿದ್ದಲ್ಲೇ ಕೂತಿದ್ದ. ಕೈಯಲ್ಲಿನ ಸ್ಕ್ರೂಡ್ರೈವರ್ ಬಿಡಲಿಲ್ಲ. ರುದ್ರಪ್ಪಜ್ಜ ಅವನ ಬೆರಳುಗಳನ್ನು ಬಿಡಿಸಬೇಕಾಯಿತು. ಯಾರೂ ಅವನನ್ನು ಬೈಯಲಿಲ್ಲ. ಅವತ್ತು ತಟ್ಟಿದ ರೊಟ್ಟಿ ಬುಟ್ಟಿಯಲ್ಲಿ ಹಾಗೆಯೇ ಉಳಿಯಿತು.

ಕಾರನ್ನು ಎಳೆದು ತಂದ ಮೇಲೂ ಅಪ್ಪ ಬಹಳ ದಿನ ಅದರ ಹತ್ತಿರ ಹೋಗಲಿಲ್ಲ. ಕೊನೆಗೊಂದು ಬೆಳಗ್ಗೆ ಪಾನಾ ಹಿಡಿದು ಕೂತಾಗ ಅವ್ವ ಪಕ್ಕದಲ್ಲಿ ಬಂದು ನಿಂತಳು.

“ಮೊದ್ಲು ಹ್ಯಾಂಡ್ ಬ್ರೇಕ್ ಮಾಡ್ರಿ. ಉಳಿದಿದ್ದು ಆಮೇಲೆ,” ಅಂದಳು.

ಅದು ಆದ ಮೇಲೆ ಅಪ್ಪ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಬ್ಯಾಟರಿಯ ತಂತಿಗೆ ಒಂದೊಂದಾಗಿ ತಾಗಿಸಿದರು. ಎರಡರ ತುದಿ ಕೆಂಪಗೆ ಕಾದಿತು. ಎರಡು ಕಪ್ಪಗೇ ಉಳಿದವು. ಎಂಜಿನ್ ಬಿಸಿಯಾಗದೆ ನರಳುತ್ತಿದ್ದದ್ದು ಅದಕ್ಕೇ. ‘ಟಕ್’ ಸದ್ದಿಗೆ ಕಾರಣ ಕೀಲಿಯ ಸ್ವಿಚ್ಚು. ಅದರೊಳಗೆ ಕರಿ ಹಿಡಿದು, ಸೆಲ್ಫ್ ಮೋಟರಿಗೆ ಸಾಕಷ್ಟು ಕರೆಂಟ್ ಹೋಗುತ್ತಿರಲಿಲ್ಲ. ಮಾವ ಹೇಳಿದ್ದು ಸರಿಯೇ ಇತ್ತು.

ಹೊಸ ಪ್ಲಗ್ಗು, ಹೊಸ ಸ್ವಿಚ್ಚು ಬಿದ್ದವು. ಮರುದಿನದ ಕೊರೆಯುವ ಚಳಿಯಲ್ಲಿ ಕಾರು ಒಂದೇ ಸಲಕ್ಕೆ ಹತ್ತಿಕೊಂಡಿತು. ಆ ಸದ್ದಿಗೆ ಅವ್ವ ಒಳಗಿನಿಂದ ಓಡಿ ಬಂದು ಚಿನ್ನಿಯನ್ನು ತಬ್ಬಿಕೊಂಡಳು. ಎಷ್ಟೋ ವರ್ಷ ಹಾಗೇ ಮಾಡುತ್ತಿದ್ದಳು.

ಈಗ ಚಿನ್ನಿಗೆ ಸ್ವಂತ ಕಾರಿದೆ. ಗುಂಡಿ ಒತ್ತಿದರೆ ಸಾಕು, ಚಳಿಯೋ ಮಳೆಯೋ ಅದಕ್ಕೆ ತಿಳಿಯುವುದಿಲ್ಲ. ಆ ಬೆಳಗಿನದು ಅವಳಿಗೆ ಏನೂ ನೆನಪಿಲ್ಲ, ನಾವು ಹೇಳಿಯೂ ಇಲ್ಲ. ಮಾವ ಈಗಲೂ ಹೊನ್ನಾಳಿಯಿಂದ ಬರುತ್ತಾನೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಾನೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾನೆ. ಅಂದಿನಿಂದ ಅವನು ನಮ್ಮ ಮನೆಯ ಯಾವ ಮಗುವನ್ನೂ ಎತ್ತಿಕೊಂಡಿಲ್ಲ.

ಹೋದ ತಿಂಗಳು ಅವನು ಬಂದು ಹೋದ ಮೇಲೆ ಚಿನ್ನಿ ಕೇಳಿದಳು: “ಅಕ್ಕಾ, ಶಿವಣ್ಣ ಮಾವ ಹುಟ್ಟಿನಿಂದ್ಲೂ ಹಿಂಗೇ ಮಾತು ಕಮ್ಮಿನಾ?”