ಕೆಂಡಕ್ಕೆ ಬರುತ್ತಿದ್ದವಳು

ಆಗ ನನಗೆ ಐವತ್ತೇಳು. ಈಗ್ಗೆ ಹತ್ತು ವರ್ಷದ ಹಿಂದಿನ ಮಾತು. ನಮ್ಮ ಬೀದಿಯ ಇಸ್ತ್ರಿ ಅಕ್ಕನ ಬಲ ಮೊಣಕೈ ಕೆಳಗೆ ಇಸ್ತ್ರಿಪೆಟ್ಟಿಗೆಯ ಮೂತಿ ಹಾಗೇ ಅಚ್ಚೊತ್ತಿತ್ತು, ಚೂಪಾಗಿ ಹೊಳೆಯುವ ಸುಟ್ಟ ಕಲೆ. ಬಟ್ಟೆ ಬೇಗ ಕೊಡು ಎಂದು ಯಾರಾದರೂ ಪೀಡಿಸಿದರೆ ಆ ತೋಳನ್ನೇ ಮುಂದೆ ಚಾಚುತ್ತಿದ್ದಳು. "ಇದೂ ಅವಸರದಲ್ಲೇ ಆಗಿದ್ದು ಕಣಪ್ಪಾ."

ಲಗ್ಗೆರೆಯಲ್ಲಿ ನನ್ನದು ಇಡ್ಲಿ ಅಂಗಡಿ, ಸೌದೆ ಒಲೆ. ಪೀಣ್ಯದ ಮೊದಲ ಶಿಫ್ಟಿನವರು ತಿಂದು ಹೋದ ಮೇಲೆ ಒಲೆ ತುಂಬ ಕೆಂಡ ಉಳಿಯುತ್ತಿತ್ತು. ಆಗ ಅಕ್ಕ ಪೆಟ್ಟಿಗೆಯ ಬಾಯಿ ತೆರೆದು ಹಿಡಿದುಕೊಂಡು ಬರುತ್ತಿದ್ದಳು. ನಾನು ತುಂಬಿಸುತ್ತಿದ್ದೆ. ಹದಿನೆಂಟು ವರ್ಷ ಹಾಗೇ ನಡೆಯಿತು. ಅವಳು ಧರ್ಮಪುರಿ ಕಡೆಯ ತಮಿಳಿನವಳು. ಆಟೋ ಓಡಿಸುವ ನನ್ನ ಮಗನನ್ನು ತಂಬಿ ಎನ್ನುತ್ತಿದ್ದಳು. ಅವನ ಖಾಕಿ ಅಂಗಿಗೆ ಮೊದಲು ಕಾಲರು, ಆಮೇಲೆ ಮಿಕ್ಕಿದ್ದು. "ಕಾಲರ್ ನಿಂತ್ರೆ ಆಳೂ ನಿಂತಂಗೆ."

ಆ ವರ್ಷ ಕಾವೇರಿ ನೀರಿನ ಗಲಾಟೆ ಎದ್ದಿತು. ಆ ಕಡೆ ನಮ್ಮವರಿಗೆ ಹೊಡೆದರಂತೆ ಎಂದು ಎಲ್ಲರ ಫೋನಿನಲ್ಲೂ ಒಂದೇ ವಿಡಿಯೋ. ಮಧ್ಯಾಹ್ನ ಬೋಂಡಕ್ಕೆ ಒಲೆ ಹಚ್ಚಿದ್ದೆ. ನಲವತ್ತು ಜನ ಬೀದಿಗೆ ನುಗ್ಗಿದರು. ಅರ್ಧ ಜನ ನನ್ನ ಇಡ್ಲಿ ತಿಂದವರೇ. ಇಸ್ತ್ರಿ ಗಾಡಿಯನ್ನು ಒದ್ದು ಉರುಳಿಸಿದರು. ಪೆಟ್ಟಿಗೆಯ ಕೆಂಡ ಅಕ್ಕನ ಗಂಡನ ಪಾದದ ಮೇಲೆ ಚೆಲ್ಲಿತು. ಅವನು ಹಾರಿದ. ಇವರು ನಕ್ಕರು.

ಆಗ ನನ್ನ ಮಗ ಅಂಗಡಿಯೊಳಗೆ ಬಂದ. ನನ್ನ ಮುಖ ನೋಡಲಿಲ್ಲ. ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ಹೋಗಿ ಬಟ್ಟೆ ಗಂಟಿಗೆ ತುರುಕಿದ.

ಅಕ್ಕನ ಗಂಡ ಬೆಂಕಿಗೆ ಎರಡೂ ಕೈ ಹಾಕಿದ. ತನ್ನದಲ್ಲ, ಬೀದಿಯವರ ಬಟ್ಟೆ. "ಕೊಡ್ಬೇಕು, ಜನಕ್ಕೆ ವಾಪಸ್ ಕೊಡ್ಬೇಕು" ಎಂದು ಅರಚುತ್ತಲೇ ಎಳೆಯುತ್ತಿದ್ದ. ನೈಲಾನು ಕರಗಿ ಬೆರಳಿಗೆ ಮೆತ್ತಿಕೊಂಡಿತು, ಬಟ್ಟೆಯ ಜೊತೆ ಚರ್ಮವೂ ಕಿತ್ತು ಬಂತು. ಹಿಂದಿನಿಂದ ಯಾರೋ ಸೈಕಲ್ ಚೈನಿನಲ್ಲಿ ತಲೆಗೆ ಬಾರಿಸಿದರು. ಅಡ್ಡ ಹೋದ ಅಕ್ಕನನ್ನು ಜುಟ್ಟು ಹಿಡಿದು ಮೋರಿಯವರೆಗೂ ಎಳೆದರು. ಹೊಡೆದವರ ಅಂಗಿಗಳೂ ಅದೇ ಗಂಟಿನಲ್ಲಿದ್ದವು. ಮಗನ ಖಾಕಿಯೂ ಸುಟ್ಟುಹೋಯಿತು. ಮರುದಿನ ಬನಿಯನ್ನಿನಲ್ಲಿ ನಿಂತು, "ಅಮ್ಮಾ, ನನ್ನ ಯೂನಿಫಾರಂ ಎಲ್ಲಿ?" ಎಂದ.

ಪೊಲೀಸರು ಬಂದು ಕೇಳಿದರು. "ಒಳಗೆ ಪಾತ್ರೆ ತೊಳೀತಿದ್ದೆ ಸಾರ್, ನೋಡ್ಲಿಲ್ಲ" ಎಂದೆ. ಅಕ್ಕ ಎರಡು ಮಾರು ದೂರದಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು.

ಅಲ್ಲಿಂದ ಕೆಂಡಕ್ಕೆ ಬರಲಿಲ್ಲ. ಬೀದಿಯ ಆ ತುದಿಯಲ್ಲಿ ಬೇರೆ ಗಾಡಿ ಇಟ್ಟಳು, ಅದಕ್ಕೆ ಹಳದಿ ಕೆಂಪು ಬಾವುಟ ಕಟ್ಟಿದಳು. ಸೀಮೆಎಣ್ಣೆ ಸುರಿದು ಇದ್ದಿಲು ಹೊತ್ತಿಸಿಕೊಳ್ಳುತ್ತಿದ್ದಳು. ಗಂಡನ ಬೆರಳು ಒಂದಕ್ಕೊಂದು ಅಂಟಿ ವಾಸಿಯಾಗಿದ್ದವು. ನಾನು ಇಡ್ಲಿ ಒಯ್ದರೆ, "ಹಸಿವಿಲ್ಲ, ಹೋಗು" ಎನ್ನುವಳು.

ಐದು ತಿಂಗಳಾದ ಮೇಲೆ ಬೀದಿಯ ದೊಡ್ಡವರು ಗಣೇಶನ ಗುಡಿ ಮುಂದೆ ಶಾಮಿಯಾನ ಹಾಕಿ ಶಾಂತಿಸಭೆ ಮಾಡಿದರು. ಎಲ್ಲರಿಗೂ ಲಾಡು. ಗಂಡ ಹೆಂಡತಿಗೆ ಶಾಲು. ಅವನು ಲಾಡನ್ನು ಎರಡು ಮಣಿಕಟ್ಟಿನ ನಡುವೆ ಒತ್ತಿ ಹಿಡಿದಿದ್ದ.

"ಅಣ್ಣತಮ್ಮಂದಿರ ಜಗಳ ಕಣಮ್ಮಾ, ಮರ್ತುಬಿಡಿ" ಎಂದರು ದೊಡ್ಡವರು.

ಅಕ್ಕ ಶಾಲು ತೆಗೆದು ಕುರ್ಚಿ ಮೇಲಿಟ್ಟಳು. "ಮರೀತೀನಿ ಸಾರ್. ಏನ್ ಮರೀಬೇಕು ಅಂತ ಒಬ್ರಾದ್ರೂ ಬಾಯ್ಬಿಟ್ಟು ಹೇಳ್ಲಿ."

ನಾನು ಎದ್ದೆ. "ಹಚ್ಚಿದ್ದು ನನ್ನ ಮಗ. ಕೊಳ್ಳಿ ನನ್ನ ಒಲೇದು. ನಾನು ನೋಡ್ದೆ."

ಮಗ ಕುರ್ಚಿ ದಾಟಿ ಬಂದು ನನ್ನ ಬಾಯಿಗೆ ಗುದ್ದಿದ. ಹಲ್ಲು ಕಿತ್ತು ನಾಲಿಗೆ ಮೇಲೆ ಬಿತ್ತು. ಇನ್ನೊಂದು ಗುದ್ದುವಷ್ಟರಲ್ಲಿ ಅಕ್ಕ ಅವನ ಕಾಲರಿಗೆ ಕೈ ಹಾಕಿದ್ದಳು. ಚಪ್ಪಲಿ ಬಿಚ್ಚಿ ಕೆನ್ನೆ, ಕಿವಿ, ಮೂಗು ಎನ್ನದೆ ಬಾರಿಸಿದಳು. "ಹೆತ್ತೋಳ್ ಮೇಲೆ ಕೈ ಮಾಡ್ತೀಯೇನೋ ತಂಬಿ?" ಅವನ ಮೂಗಿನಿಂದ ರಕ್ತ ಇಳಿಯಿತು. ನಾಲ್ಕು ಜನ ಬಿಡಿಸಬೇಕಾಯಿತು.

ಅಳುತ್ತಾ ಅವಳ ಕೈ ಹಿಡಿಯಹೋದೆ. ಕೊಡವಿದಳು.

"ಅಳಬೇಡ. ಅರ್ಧ ಹೇಳಿದ್ದೀಯ. ಲಾಡು ತಿನ್ನೋರ ಮುಂದೆ ಹೇಳಿದ್ರೆ ಅರ್ಧಾನೇ ಇಡ್ಲಿಯಮ್ಮಾ. ಬರ್ಕೊಳ್ಳೋರ ಮುಂದೆ ಹೇಳು."

ಅಕ್ಕ ಹೋದ ವರ್ಷ ತೀರಿಕೊಂಡಳು. ಅಲ್ಲಿಯವರೆಗೂ ಮತ್ತೆ ಮೊದಲಿನಂತೆ ನನ್ನ ಒಲೆಯ ಕೆಂಡವನ್ನೇ ಒಯ್ದಳು. ಮಗ ಜೈಲಿನಿಂದ ಬಂದ ಮೇಲೆ ಅವನ ಅಂಗಿಯನ್ನು ಮಾತ್ರ ಮುಟ್ಟಲಿಲ್ಲ. ಅವನು ಹೆಗ್ಗನಹಳ್ಳಿಯಲ್ಲಿ ಬೇರೆ ಮನೆ ಮಾಡಿದ್ದಾನೆ. ನನ್ನ ಜೊತೆ ಮಾತಿಲ್ಲ. ಇರಲಿ. ಈ ಬೀದಿಯಲ್ಲಿ ತಲೆ ಎತ್ತಿ ಇಡ್ಲಿ ಬೇಯಿಸುತ್ತಿದ್ದೇನೆ ಎಂದರೆ ಅದು ಅವಳಿಂದ.

ಸಭೆಯ ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಊದಿದ ಬಾಯಿಗೆ ಸೆರಗು ಒತ್ತಿಕೊಂಡು ಹೊರಟೆ. ಬೀದಿ ತುದಿಯಲ್ಲಿ ಅಕ್ಕ ಗಾಡಿ ಒರೆಸುತ್ತಿದ್ದಳು.

"ಇವತ್ತು ಇಡ್ಲಿ ಇಲ್ವಾ?" ಎಂದಳು. ಐದು ತಿಂಗಳಲ್ಲಿ ಅವಳಾಗಿ ಕೇಳಿದ ಮೊದಲ ಮಾತು.

"ಬಂದು ಹಚ್ತೀನಿ" ಎಂದು ಹೇಳಿ ಠಾಣೆಗೆ ನಡೆದೆ.